ಹೊಳೆಯ ಈಚೆ ದಂಡೆಯಿಂದ

ದೋಸ್ತಾ,

ಆರಾಮ ಅದಿಯಲ್ಲ? ನಿನ್ನ ಮೆಸೇಜು ಬಂದು ಮೂರು ವಾರ ಆತು. "ಲಂಡನ್ನಿನಾಗ ಮನಿ ಹಿಡದಿಯಂತ, ಹೆಂಗದ ಓಣಿ?" ಅಂತ ಒಂದೇ ಸಾಲು ಬರೆದು ಬಿಟ್ಟಿದ್ದೀ. ಫೋನು ಹಿಡಿದು ಉತ್ತರ ಕುಟ್ಟಲು ಎರಡು ಸಲ ಕೂತೆ, ಎರಡು ಸಲವೂ ಅಳಿಸಿದೆ. ನಿನ್ನ ಪ್ರಶ್ನೆಯಲ್ಲೇ ಎರಡು ತಪ್ಪು ಇವೆ. ಅವನ್ನು ತಿದ್ದಲು ಪತ್ರವೇ ಬೇಕು. ಚಹಾ ತಗೊಂಡು ಕೂತು ಓದು.

ಮೊದಲನೆಯದು, ಇದು ಲಂಡನ್ ಅಲ್ಲ. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಅರ್ಧ ತಾಸಿನ ರೈಲು ಹಾದಿ, ರೆಡಿಂಗ್ ಅಂತ ಊರು. ಅಕ್ಷರ ನೋಡಿ 'ರೀಡಿಂಗ್' ಅಂದೀಯಾ ಮತ್ತೆ, ಇಲ್ಲಿಯ ಮಂದಿ ನಕ್ಕು ತಿದ್ದುತ್ತಾರೆ. ಒಂದು ಕಾಲಕ್ಕೆ ಬಿಯರು, ಬಿಸ್ಕೀಟು, ಹೂವಿನ ಗಡ್ಡೆ ಈ ಮೂರಕ್ಕೆ ಹೆಸರಾದ ಊರಿದು. ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕೀಟಿನ ಚಿತ್ರದ ತಗಡಿನ ಡಬ್ಬಿಗಳು ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ತನಕ ಬಂದಿದ್ದವು. ಯಾರದೋ ಅಜ್ಜಿಯ ಮನೆಯ ಅಟ್ಟದ ಮೇಲೆ ಸೂಜಿ-ದಾರ, ಗುಂಡಿ ತುಂಬಿಕೊಂಡು ಇನ್ನೂ ಕೂತಿದ್ದರೂ ಕೂತಿರಬಹುದು. ಈಗ ಬಿಸ್ಕೀಟು ಹೋಗಿ ಸಾಫ್ಟ್‌ವೇರ್ ಬಂದಿದೆ, ಅದರ ಬೆನ್ನು ಹತ್ತಿ ನನ್ನಂಥವರೂ ಬಂದಿದ್ದೇವೆ. ಒಂದು ಲಕ್ಷ ಎಪ್ಪತ್ತು ಸಾವಿರ ಮೀರಿದ ಜನ, ಆದರೂ ಕಾಗದದ ಮೇಲೆ ಇದು 'ಟೌನ್' ಮಾತ್ರ. 'ಸಿಟಿ' ಅನ್ನಿಸಿಕೊಳ್ಳಲು ರಾಣಿಯ ಕಾಲದಲ್ಲಿ 2000, 2002, 2012, 2022ರಲ್ಲಿ ಅರ್ಜಿ ಹಾಕಿತು. ನಾಲ್ಕು ಸಲವೂ ಪದವಿ ಬೇರೆ ಊರುಗಳ ಪಾಲಾಯಿತು.

ಎರಡನೆಯ ತಪ್ಪು ಇನ್ನೂ ನಾಜೂಕಿನದು. ನಾನು ಇರುವುದು ರೆಡಿಂಗಿನಲ್ಲೂ ಅಲ್ಲ. ಅಂಚೆಯವನು ಹಾಗೆ ಅನ್ನುತ್ತಾನೆ, ಮನೆಪಟ್ಟಿಯ ಬಿಲ್ಲೂ ಹಾಗೇ ಅನ್ನುತ್ತದೆ. ಆದರೆ ನಮ್ಮ ಪಕ್ಕದ ಮನೆಯ ಅಜ್ಜಿ ಕೈಚೀಲ ಹಿಡಿದು ಪೇಟೆಗೆ ಹೊರಟಾಗ "ರೆಡಿಂಗಿಗೆ ಹೋಗಿ ಬರ್ತೀನಿ" ಅನ್ನುತ್ತಾಳೆ, ಪರವೂರಿಗೆ ಹೊರಟವರ ಹಾಗೆ. ದೂರ ಎಷ್ಟು? ನಡೆದರೆ ಇಪ್ಪತ್ತು ನಿಮಿಷ. ನಡುವೆ ಥೇಮ್ಸ್ ಹೊಳೆ. ಹೊಳೆಯ ದಕ್ಷಿಣಕ್ಕೆ ರೆಡಿಂಗ್, ಉತ್ತರಕ್ಕೆ ನಮ್ಮ ಕ್ಯಾವರ್‌ಶಮ್.

ಧಾರವಾಡದವನಾದ ನಿನಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಎರಡನ್ನೂ ಒಂದೇ ಪಾಲಿಕೆಗೆ ಕಟ್ಟಿದರು. ನಿಮ್ಮಪ್ಪ ಸಾಯುವ ತನಕ ಒಮ್ಮೆಯಾದರೂ "ನಾವು ಹುಬ್ಬಳ್ಳಿ-ಧಾರವಾಡದವರು" ಅಂದಿದ್ದನ್ನು ಕೇಳಿದ್ದೀಯಾ? ಕ್ಯಾವರ್‌ಶಮ್ಮಿನ ಕತೆಯೂ ಅದೇ, ಐವತ್ತು ವರ್ಷ ಹಳೆಯದು ಅಷ್ಟೆ. 1911ರ ತನಕ ಇದು ಆಕ್ಸ್‌ಫರ್ಡ್‌ಶೈರ್ ಕೌಂಟಿಯ ಊರು, ತನ್ನದೇ ನಗರಸಭೆ ಇತ್ತು. ಅದನ್ನು ಕಿತ್ತು ಬರ್ಕ್‌ಶೈರಿನ ರೆಡಿಂಗಿಗೆ ಹಚ್ಚಿದರು. ಆ ಒಪ್ಪಂದದಲ್ಲಿ ಹೊಸ ಸೇತುವೆ ಕಟ್ಟಿಕೊಡುವ ಮಾತೂ ಇತ್ತು. ಅಷ್ಟರಲ್ಲಿ ಮಹಾಯುದ್ಧ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಹಾಗೆ ರೆಡಿಂಗ್ ಮರೆತೇ ಬಿಡಬಹುದಿತ್ತು. ಮರೆಯಲಿಲ್ಲ, ಆದರೆ ಹನ್ನೆರಡು ವರ್ಷ ಎಳೆಯಿತು. 1923ರಲ್ಲಿ ರೆಡಿಂಗ್ ಬ್ರಿಡ್ಜ್ ತೆರೆಯಿತು. ಮೂರು ವರ್ಷದ ಮೇಲೆ, 1926ರಲ್ಲಿ, ಹಳೆಯ ಕಬ್ಬಿಣದ ಕ್ಯಾವರ್‌ಶಮ್ ಬ್ರಿಡ್ಜಿನ ಜಾಗದಲ್ಲಿ ಈಗಿನ ಕಾಂಕ್ರೀಟಿನದು ಎದ್ದು ನಿಂತಿತು.

ಆಮೇಲೆ ನೂರು ವರ್ಷ ಆತು ನೋಡು, ವಾಹನ ಓಡುವ ಮೂರನೆಯ ಸೇತುವೆ ಬರಲಿಲ್ಲ. 2015ರಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಅಂತ ಒಂದು ಚೆಂದದ ತೆಳ್ಳನೆಯ ಸೇತುವೆ ಕಟ್ಟಿದರು, ಅದು ಬೇರೆ ಮಾತು. ಕಾರು-ಬಸ್ಸಿನ ಸೇತುವೆ ಬೇಕು ಅಂತ ರೆಡಿಂಗಿನವರು ದಶಕಗಳಿಂದ ಕೇಳುತ್ತಿದ್ದಾರೆ, ಆಚೆಕಡೆಯ ಆಕ್ಸ್‌ಫರ್ಡ್‌ಶೈರಿನವರು ದಶಕಗಳಿಂದ ಬೇಡ ಅನ್ನುತ್ತಿದ್ದಾರೆ. ಅವರ ಹೆದರಿಕೆಯೂ ಸುಳ್ಳಲ್ಲ. ಸೇತುವೆ ಬಂದರೆ ಲಾರಿಗಳೆಲ್ಲ ಅವರ ಹಳ್ಳಿಗಳ ಸಂದಿಗೊಂದಿಗಳಲ್ಲಿ ನುಗ್ಗುತ್ತವೆ. ಹೀಗಾಗಿ ದಿನಾ ಬೆಳಿಗ್ಗೆ ಎಂಟಕ್ಕೆ ಗುಲಾಬಿ ಬಣ್ಣದ ಬಸ್ಸಿನ ಮೇಲ್ಮಹಡಿಯಲ್ಲಿ ಕೂತು ನಾನು ಹೊಳೆ ನೋಡುತ್ತೇನೆ. ಹೊಳೆ ಹರಿಯುತ್ತದೆ, ಹಂಸಗಳು ತೇಲಿ ಮುಂದೆ ಹೋಗುತ್ತವೆ, ಬಸ್ಸು ಮಾತ್ರ ನಿಂತೇ ಇರುತ್ತದೆ.

ಹಾಗೆ ನಿಂತಾಗ ಎಡಕ್ಕೂ ಬಲಕ್ಕೂ ನೋಡುತ್ತಾ ಈ ಊರಿನ ಹಳೆಯ ಕತೆ ಒಂದೊಂದಾಗಿ ಕಲಿತೆ. ಹೊಳೆಯ ನಡುವೆ ಒಂದು ನಡುಗಡ್ಡೆ ಇದೆ, ಫ್ರೈಸ್ ಐಲ್ಯಾಂಡ್. ದೋಣಿಯಲ್ಲಿ ಮಾತ್ರ ಹೋಗಬೇಕು. ಈಗ ಅಲ್ಲಿ ವಯಸ್ಸಾದವರು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಬೌಲ್ಸ್ ಆಡುತ್ತಾರೆ. 1163ರಲ್ಲಿ ಕ್ಯಾವರ್‌ಶಮ್ ಸೇತುವೆಯ ಬಳಿಯ ನಡುಗಡ್ಡೆಯ ಮೇಲೆ, ದೊರೆ ಎರಡನೆಯ ಹೆನ್ರಿಯ ಎದುರಿಗೆ, ಇಬ್ಬರು ಸರದಾರರ ದ್ವಂದ್ವಯುದ್ಧ ನಡೆಯಿತು. ಅದು ಇದೇ ನಡುಗಡ್ಡೆ ಅಂತ ಇಲ್ಲಿಯವರ ನಂಬಿಕೆ. ಹೆನ್ರಿ ಆಫ್ ಎಸೆಕ್ಸ್ ಅನ್ನುವವನು ವೇಲ್ಸ್ ದಂಡಯಾತ್ರೆಯಲ್ಲಿ ರಾಜಧ್ವಜ ಎಸೆದು ಓಡಿದ ಅಂತ ರಾಬರ್ಟ್ ಡಿ ಮಾಂಟ್‌ಫರ್ಟ್ ಆರೋಪ ಹೊರಿಸಿದ್ದ. ಸಾಕ್ಷಿ, ವಕೀಲ, ವಾಯಿದೆ ಏನೂ ಇಲ್ಲ. ಕಾದಾಡಿ ಸೋತವನೇ ತಪ್ಪಿತಸ್ಥ. ಹೆನ್ರಿ ಬಿದ್ದ. ಸತ್ತ ಅಂತ ತಿಳಿದು ಆಚೆ ದಂಡೆಯ ರೆಡಿಂಗ್ ಮಠದ ಸನ್ಯಾಸಿಗಳು ಹೂಳಲು ಹೊತ್ತುಕೊಂಡು ಹೋದರು. ನೋಡಿದರೆ ಉಸಿರಿದೆ! ಬದುಕಿದ. ಆಸ್ತಿ, ಮಾನ ಎಲ್ಲ ಹೋಗಿತ್ತು. ಉಳಿದ ಆಯುಷ್ಯ ಅದೇ ಮಠದಲ್ಲಿ ಸನ್ಯಾಸಿಯಾಗಿ ಕಳೆದ. ನಾವು ಕಾಲೇಜಿನಲ್ಲಿದ್ದಾಗ ಇಂಥ ಕತೆ ಸಿಕ್ಕಿದ್ದರೆ ನೀನು ಒಂದು ನಾಟಕ ಬರೆದು ನನಗೆ ಹೆಣದ ಪಾರ್ಟು ಕೊಡುತ್ತಿದ್ದೆ.

ಇನ್ನೊಬ್ಬ ಸರದಾರ ಸಾಯಲಿಕ್ಕೆ ಅಂತಲೇ ಈ ದಂಡೆಗೆ ಬಂದ. ವಿಲಿಯಂ ಮಾರ್ಷಲ್ ಅಂತ. ಐದು ಮಂದಿ ರಾಜರ ಸೇವೆ ಮಾಡಿದವನು, ಎಪ್ಪತ್ತರ ವಯಸ್ಸಿನಲ್ಲಿ ಕುದುರೆ ಏರಿ ಯುದ್ಧ ಗೆದ್ದವನು. ಮೂರನೆಯ ಹೆನ್ರಿ ಇನ್ನೂ ಹುಡುಗನಾಗಿದ್ದಾಗ ಅವನ ಪರವಾಗಿ ರಾಜ್ಯ ಆಳಿದವನು. 1219ರಲ್ಲಿ ಲಂಡನ್ನಿನ ಕೋಟೆಯಲ್ಲಿ ಕಾಯಿಲೆ ಬಿದ್ದು, ಇನ್ನು ಏಳುವುದಿಲ್ಲ ಅಂತ ಗೊತ್ತಾದಾಗ ಒಂದೇ ಹಟ ಹಿಡಿದ: ಸತ್ತರೆ ನನ್ನ ಮನೆಯಲ್ಲಿ. ದೋಣಿಯಲ್ಲಿ ಮಲಗಿಸಿ ಹೊಳೆಗುಂಟ ಕ್ಯಾವರ್‌ಶಮ್ಮಿಗೆ ತಂದರು. ಹುಡುಗ ರಾಜ ಮತ್ತು ಆಸ್ಥಾನವೆಲ್ಲ ರೆಡಿಂಗ್ ಮಠದಲ್ಲಿ ಬಿಡಾರ ಹೂಡಿ, ಮಾತಾಡಬೇಕಾದಾಗ ಹೊಳೆ ದಾಟಿ ಇವನ ಹಾಸಿಗೆಯ ಹತ್ತಿರ ಬರಬೇಕಾಯಿತು. ಮೇ 14ಕ್ಕೆ ತೀರಿಕೊಂಡ. ರಾಜನನ್ನೇ ಹೊಳೆ ದಾಟಿಸಿದ ಈ ಮುದುಕನ ಮೇಲೆ ನನಗೆ ಭಾಳ ಅಭಿಮಾನ. ಬಸ್ಸಿನಲ್ಲಿ ಕೂತಾಗ ಅದು ಇನ್ನೂ ಹೆಚ್ಚಾಗುತ್ತದೆ.

ಮಧ್ಯಕಾಲದಲ್ಲಿ ಇಲ್ಲಿ ಮೇರಿ ಮಾತೆಯ ಗುಡಿಯೂ ಇತ್ತು. ಯಾತ್ರಿಕರು ದೂರದೂರದಿಂದ ಬರುತ್ತಿದ್ದರು. ಎಂಟನೆಯ ಹೆನ್ರಿಯ ಮೊದಲ ಹೆಂಡತಿ ಕ್ಯಾಥರೀನ್, ಗಂಡನ ಮನಸ್ಸು ಬೇರೆ ಕಡೆ ಹೋಗಿದ್ದಾಗ, 1532ರಲ್ಲಿ ಬಂದು ಪ್ರಾರ್ಥನೆ ಮಾಡಿದ್ದಳು. ಫಲ ಸಿಗಲಿಲ್ಲ ಅನ್ನುವುದು ಇತಿಹಾಸ. ಆರು ವರ್ಷದ ಮೇಲೆ ಅದೇ ದೊರೆಯ ಕಡೆಯಿಂದ ಜಾನ್ ಲಂಡನ್ ಅನ್ನುವ ಅಧಿಕಾರಿ ಬಂದು ಬೆಳ್ಳಿ ಹೊದಿಸಿದ ಮೂರ್ತಿಯನ್ನು ಕಿತ್ತು ಪೆಟ್ಟಿಗೆಯಲ್ಲಿ ಹಾಕಿ ರಾಜಧಾನಿಗೆ ಸಾಗಿಸಿದ. ಅವನು ಬರೆದ ಕಾಗದದಲ್ಲಿ ಗುಡಿಯ ಸುತ್ತ ಜೋತುಬಿಟ್ಟಿದ್ದ ಮೇಣದ ಗೊಂಬೆಗಳ ಮಾತು ಬರುತ್ತದೆ. ಸವದತ್ತಿ ಗುಡ್ಡದಲ್ಲಿ ಹರಕೆಗೆ ಬೆಳ್ಳಿಯ ಕಣ್ಣು, ಕೈ, ಕಾಲು ಒಪ್ಪಿಸುತ್ತಾರಲ್ಲ, ಆ ಜಾತಿಯದೇ. ಇನ್ನೊಂದು ವಿಷಯವನ್ನೂ ಅವನೇ ಬರೆದಿದ್ದಾನೆ. ಏಸುವಿನ ಪಕ್ಕೆಗೆ ಚುಚ್ಚಿದ ಈಟಿಯ ಮೊನೆಯನ್ನು ಒಂದೇ ರೆಕ್ಕೆಯ ದೇವದೂತ ಇಲ್ಲಿಗೆ ತಂದುಕೊಟ್ಟ ಅಂತ ಗುಡಿಯವರು ಹೇಳುತ್ತಿದ್ದರಂತೆ. ಒಂದೇ ರೆಕ್ಕೆ ಯಾಕೆ ಅಂತ ಮಗಳು ಕೇಳಿದಳು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬೇಕು ಅಂದೆ.

ಮುಂದೆ 1643ರ ಅಂತರ್ಯುದ್ಧದಲ್ಲಿ ರೆಡಿಂಗನ್ನು ಬಿಡಿಸಲು ಬಂದ ರಾಜನ ಸೈನ್ಯ ಇದೇ ಸೇತುವೆಯ ಬಾಯಲ್ಲಿ ಪೆಟ್ಟು ತಿಂದು ಹಿಂದೆ ಸರಿಯಿತು. ಸೇಂಟ್ ಪೀಟರ್ಸ್ ಚರ್ಚಿನ ಗೋಪುರವೂ ಆಗ ಗುಂಡೇಟಿಗೆ ಸಿಕ್ಕಿತು. ಯುದ್ಧದ ಕತೆ ಇಷ್ಟೇ ಸಾಕು.

ಊರಿನ ರೂಪ ಹೇಳುತ್ತೇನೆ. ಹೊಳೆಯ ಬದಿಗೆ ತಗ್ಗಿನಲ್ಲಿ ಲೋವರ್ ಕ್ಯಾವರ್‌ಶಮ್, ಅಲ್ಲೇ ನಮ್ಮ ಮನೆ. ವಿಕ್ಟೋರಿಯಾ ಕಾಲದ ಕೆಂಪಿಟ್ಟಿಗೆಯ ಮನೆಗಳು, ನಡುನಡುವೆ ಬೂದು ಇಟ್ಟಿಗೆ ಸೇರಿಸಿ ಕೌದಿಯ ಹಾಗೆ ಚಿತ್ತಾರ ತೆಗೆದಿದ್ದಾರೆ. ಒಂದರ ಗೋಡೆ ಇನ್ನೊಂದಕ್ಕೆ ಅಂಟಿಕೊಂಡಿದೆ. ಒಗ್ಗರಣೆಗೆ ಸಾಸಿವೆ ಸಿಡಿದರೆ ಅಜ್ಜಿಗೆ ಗೊತ್ತಾಗುತ್ತದೆ. ಹಿಂದೆ ಸುಣ್ಣಕಲ್ಲಿನ ದಿಬ್ಬ ಏರುತ್ತಾ ಹೋದರೆ ಕ್ಯಾವರ್‌ಶಮ್ ಹೈಟ್ಸ್. ಅಲ್ಲಿ ಒಂದೊಂದು ಮನೆಗೆ ಒಂದೊಂದು ತೋಟ, ಮುಂದೆ ಎರಡೆರಡು ಕಾರು. ಈ ಊರಿನಲ್ಲಿ ಯಾರ ಹತ್ತಿರ ಎಷ್ಟಿದೆ ಅಂತ ಕೇಳಬೇಕಾಗಿಲ್ಲ, ಹೊಳೆಯಿಂದ ಎಷ್ಟು ಮೇಲಿದ್ದಾರೆ ಅಂತ ನೋಡಿದರೆ ಸಾಕು. 1947ರ ಮಾರ್ಚಿನಲ್ಲಿ ಹಿಮ ಕರಗಿ ಥೇಮ್ಸ್ ಉಕ್ಕಿದಾಗ ತಗ್ಗಿನ ಓಣಿಗಳಲ್ಲಿ ಮಂದಿ ದೋಣಿಯಲ್ಲಿ ಓಡಾಡಿದರು. ಮನೆ ಹಿಡಿಯುವಾಗ ವಿಮೆಯವರು ನನ್ನ ಸಂಬಳಕ್ಕಿಂತ ಮೊದಲು ಕೇಳಿದ್ದು ಮನೆ ಹೊಳೆಯಿಂದ ಎಷ್ಟು ದೂರ ಅನ್ನುವುದನ್ನು. ಮೇಲಿನ ಓಣಿಯವರಿಗೆ ಈ ಕಾಟ ಇಲ್ಲ. ಆದರೆ ಆಗಸ್ಟ್ ಕೊನೆಯಲ್ಲಿ ಆಚೆ ದಂಡೆಯ ಮೈದಾನದಲ್ಲಿ ರೆಡಿಂಗ್ ಸಂಗೀತೋತ್ಸವ ನಡೆದಾಗ, ಗಿಟಾರಿನ ಗುಡುಗು ನೀರಿನ ಮೇಲೆ ತೇಲಿ ಬಂದು ಬಡವ-ಬಲ್ಲಿದ ಅನ್ನದೆ ಎಲ್ಲರ ಕಿಟಕಿಯನ್ನೂ ನಡುಗಿಸುತ್ತದೆ.

ಸಂಗೀತ ಅಂದೆನಲ್ಲ, ನಿನಗೆ ಹೊಟ್ಟೆಕಿಚ್ಚಾಗುವ ಸಂಗತಿ ಒಂದಿದೆ. ನಮ್ಮ ಗಾಸ್‌ಬ್ರುಕ್ ರೋಡಿನಲ್ಲಿ ಫಾಕ್ಸ್ ಅಂಡ್ ಹೌಂಡ್ಸ್ ಅಂತ ಒಂದು ಪಬ್. 1960ರ ಏಪ್ರಿಲ್ 23, 24ರಂದು ಅಲ್ಲಿ 'ನರ್ಕ್ ಟ್ವಿನ್ಸ್' ಅನ್ನುವ ಹೆಸರಿನಲ್ಲಿ ಇಬ್ಬರು ಹುಡುಗರು ಗಿಟಾರ್ ಹಿಡಿದು ಹಾಡಿದರು. ಆಗ ಪಬ್ ನಡೆಸುತ್ತಿದ್ದವಳು ಅವರಲ್ಲಿ ಒಬ್ಬನ ಸೋದರಸಂಬಂಧಿ. ರಜೆಗೆ ಬಂದ ಹುಡುಗರು ಗಲ್ಲೆಯ ಹಿಂದೆ ನಿಂತು ಕೆಲಸವನ್ನೂ ಮಾಡಿದರು. ಒಬ್ಬ ಪಾಲ್ ಮೆಕಾರ್ಟ್ನಿ, ವಯಸ್ಸು 17. ಇನ್ನೊಬ್ಬ ಜಾನ್ ಲೆನನ್, 19. ಮುಂದೆ ಬೀಟಲ್ಸ್ ಅಂತ ಜಗತ್ತಿಗೇ ಗೊತ್ತಾದವರು. ನೀನು ಎರಡು ವರ್ಷ ಕೂದಲು ಬಿಟ್ಟುಕೊಂಡು ತಿರುಗಿದ್ದು ಇವರಿಗಾಗಿಯೇ ಅಲ್ಲವೇ?

ಈಗ ಎಲ್ಲಕ್ಕಿಂತ ನನಗೆ ಹತ್ತಿರವಾದದ್ದನ್ನು ಬರೆಯುತ್ತೇನೆ. ಊರಿನ ಈಶಾನ್ಯಕ್ಕೆ ದಿಬ್ಬದ ಮೇಲೆ ಕ್ಯಾವರ್‌ಶಮ್ ಪಾರ್ಕ್ ಅನ್ನುವ ಬಿಳಿ ಬಂಗಲೆ ಇದೆ. ರೈಲಿನಿಂದಲೂ ಕಾಣುತ್ತದೆ. ಅದರ ಒಡೆಯರ ಪಟ್ಟಿ ಉದ್ದ. ಅವರಲ್ಲಿ ಒಬ್ಬ ಮೇಜರ್ ಮಾರ್ಸ್ಯಾಕ್, ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ನಮ್ಮ ಕಡೆ ದುಡ್ಡು ಗುಡ್ಡೆ ಹಾಕಿಕೊಂಡು ಬಂದು 1784ರಲ್ಲಿ ಇದನ್ನು ಕೊಂಡವನು. ಎರಡು ವರ್ಷದ ಮೇಲೆ ತೋಟ ನೋಡಲು ಬಂದ ಅತಿಥಿ ಥಾಮಸ್ ಜೆಫರ್ಸನ್, ಮುಂದೆ ಅಮೆರಿಕದ ಅಧ್ಯಕ್ಷನಾದವನು. ಆ ಮನೆ 1850ರಲ್ಲಿ ಸುಟ್ಟುಹೋಯಿತು. ಈಗಿರುವುದು ವೇಲ್ಸಿನ ಕಬ್ಬಿಣದ ಕಾರ್ಖಾನೆಯ ಸಾಹುಕಾರ ಕ್ರಾಶೇ ಕಟ್ಟಿಸಿದ್ದು.

ಸಾಹುಕಾರರ ಮನೆ ನನಗೇನು ಹತ್ತಿರ? ಅಲ್ಲ, ಅದರೊಳಗೆ 1943ರಲ್ಲಿ ಬಂದು ಕೂತವರು ಹತ್ತಿರ. ಯುದ್ಧದ ನಡುವೆ ಬಿಬಿಸಿಯವರು ಬಂಗಲೆ ಕೊಂಡು ಅಲ್ಲಿ ತಮ್ಮ 'ಮಾನಿಟರಿಂಗ್' ವಿಭಾಗ ಇಟ್ಟರು. ಕೆಲಸ ಏನೆಂದರೆ ಪರದೇಶಗಳ ರೇಡಿಯೋ ಕೇಳುವುದು. ಕೆಲವು ಮೈಲಿ ಆಚೆ ಕ್ರೌಸ್ಲಿ ಪಾರ್ಕಿನಲ್ಲಿ ನೆಟ್ಟ ಏರಿಯಲ್ಲುಗಳು ಬರ್ಲಿನ್, ರೋಮ್, ಮಾಸ್ಕೋ ಎಲ್ಲ ಹಿಡಿದು ಕಳಿಸುತ್ತಿದ್ದವು. ಇವರು ಹಗಲು-ರಾತ್ರಿ ಪಾಳಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಇಂಗ್ಲಿಷಿಗೆ ತಿರುಗಿಸಿ, ಸರಕಾರಕ್ಕೂ ಸುದ್ದಿಮನೆಗೂ ಮುಟ್ಟಿಸುತ್ತಿದ್ದರು. ಅಷ್ಟೆಲ್ಲ ಭಾಷೆ ಬಲ್ಲವರು ಇಂಗ್ಲೆಂಡಿನಲ್ಲಿ ಎಲ್ಲಿಂದ ಬರಬೇಕು? ಭಾಳ ಮಂದಿ ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು. ಬಿಟ್ಟುಬಂದ ಊರಿನ ದನಿಯನ್ನು, ಅದೂ ತಮ್ಮನ್ನು ಓಡಿಸಿದವರ ಬಾಯಿಂದಲೇ, ದಿನಾ ಎಂಟು ತಾಸು ಕೇಳಿ ಸಂಬಳ ಪಡೆಯುವ ಕೆಲಸ. ಪಾಳಿ ಮುಗಿಸಿ ದಿಬ್ಬ ಇಳಿದು ಈ ಕೆಂಪಿಟ್ಟಿಗೆಯ ಓಣಿಗಳಲ್ಲಿ ಬ್ರೆಡ್ಡಿಗೆ ನಿಲ್ಲುತ್ತಿದ್ದರು.

ಅವರಲ್ಲಿ ಒಬ್ಬ ಅರ್ನ್‌ಸ್ಟ್ ಗೊಂಬ್ರಿಕ್. ವಿಯೆನ್ನಾದ ಯಹೂದಿ, ಮುಂದೆ ಕಲೆಯ ಇತಿಹಾಸ ಬರೆದು ದೊಡ್ಡ ಹೆಸರು ಮಾಡಿದವನು. 1945ರ ಮೇ 1ರಂದು ಜರ್ಮನ್ ರೇಡಿಯೋ "ಮುಖ್ಯವಾದ ಸುದ್ದಿ ಬರಲಿದೆ" ಅಂತ ಹೇಳಿ ಗಂಭೀರ ಸಂಗೀತ ಹಾಕಿತು. ಅದು ಬ್ರೂಕ್ನರನ ಸಿಂಫನಿಯ ನಿಧಾನಗತಿಯ ಭಾಗ, ವ್ಯಾಗ್ನರನ ಸಾವಿನ ದುಃಖದಲ್ಲಿ ಬರೆದದ್ದು. ಸಂಗೀತದ ಮನೆಯಲ್ಲಿ ಬೆಳೆದ ಗೊಂಬ್ರಿಕ್‌ಗೆ ಸುದ್ದಿಗಿಂತ ಮೊದಲೇ ಗೊತ್ತಾಯಿತು: ಹಿಟ್ಲರ್ ಸತ್ತ. ಘೋಷಣೆ ಬಂದದ್ದೇ ಚರ್ಚಿಲ್‌ಗೆ ಫೋನ್ ಹೋಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಿಮ್ಮ ಮಾಳಮಡ್ಡಿಯ ಮನೆ. 1984ರ ಅಕ್ಟೋಬರ್ 31. ಆಕಾಶವಾಣಿಯಲ್ಲಿ ಚಿತ್ರಗೀತೆ ಬರುವ ಹೊತ್ತಿಗೆ ಬರೀ ವಾದ್ಯದ ಅಳು ಬರುತ್ತಿತ್ತು. ನಿಮ್ಮಜ್ಜ ರೇಡಿಯೋದ ಕಿವಿ ಹಿಂಡುವುದನ್ನು ಬಿಟ್ಟು "ದೊಡ್ಡವರು ಯಾರೋ ಹ್ವಾದ್ರು" ಅಂದಿದ್ದರು. ಅವರಿಗೂ ಯಾರೂ ಹೇಳಿರಲಿಲ್ಲ.

1962ರ ಅಕ್ಟೋಬರ್ 28ರಂದು ಕ್ಯೂಬಾದಿಂದ ಕ್ಷಿಪಣಿ ತೆಗೆಯಲು ಕ್ರುಶ್ಚೇವ್ ಒಪ್ಪಿದ ಸುದ್ದಿಯನ್ನು ಮಾಸ್ಕೋ ರೇಡಿಯೋ ಹೇಳಿದಾಗಲೂ ಈ ದಿಬ್ಬದ ಕಿವಿಗಳು ಕೇಳುತ್ತಿದ್ದವು. ಆಮೇಲೂ ದಶಕಗಟ್ಟಲೆ ಇಲ್ಲಿಗೆ ಬೇರೆಬೇರೆ ದೇಶದ ಮಂದಿ ಬಂದರು, ಮನೆ ಮಾಡಿದರು, ಮಕ್ಕಳನ್ನು ಶಾಲೆಗೆ ಹಾಕಿದರು. ನಾನು ಬಂದ ಹೊಸತರಲ್ಲಿ, ಇಷ್ಟು ಸಣ್ಣ ಊರಿನ ಮಂದಿ ನನ್ನ ಹೆಸರನ್ನು ಎರಡು ಸಲ ಕೇಳಿ ಸರಿಯಾಗಿ ಹೇಳಲು ಯತ್ನಿಸುವುದು ವಿಚಿತ್ರ ಅನ್ನಿಸಿತ್ತು. ಎಪ್ಪತ್ತು-ಎಂಬತ್ತು ವರ್ಷದ ರೂಢಿ ಅಂತ ಆಮೇಲೆ ತಿಳಿಯಿತು. 2018ರಲ್ಲಿ ಬಿಬಿಸಿಯವರು ಆ ವಿಭಾಗವನ್ನು ಲಂಡನ್ನಿಗೆ ಒಯ್ದರು. ಬಂಗಲೆಯನ್ನು ವಯಸ್ಸಾದವರ ವಸತಿಗೆ ತಿರುಗಿಸುವ ಯೋಜನೆ ಬಂತು. ಅಷ್ಟು ದಿನ ಜಗತ್ತನ್ನೇ ಕೇಳಿದ ಮನೆ, ಇನ್ನು ಕಿವಿಗೆ ಮೆಷಿನ್ನು ಹಾಕಿಕೊಂಡವರ ಮನೆ ಅಂತ ಅಜ್ಜಿ ನಗುತ್ತಾಳೆ. ಅವಳಿಗೂ ಒಂದು ಇದೆ.

ಇಲ್ಲಿಂದ ಉತ್ತರಕ್ಕೆ ಆರೇಳು ಮೈಲಿ ಹೋದರೆ ಸ್ಟೋಕ್ ರೋ ಅನ್ನುವ ಹಳ್ಳಿ. ಕ್ಯಾವರ್‌ಶಮ್ ಅಲ್ಲದಿದ್ದರೂ ಬರೆಯದೆ ಬಿಡಲಾರೆ. ಸುಣ್ಣಕಲ್ಲಿನ ಗುಡ್ಡ, ಬಿದ್ದ ಮಳೆ ನಿಲ್ಲುವುದಿಲ್ಲ. ಆ ಕಡೆಯ ಎಡ್ವರ್ಡ್ ರೀಡ್ ಅನ್ನುವ ಅಧಿಕಾರಿ ಉತ್ತರ ಭಾರತದಲ್ಲಿದ್ದಾಗ ತನ್ನೂರಿನ ನೀರಿನ ಬವಣೆಯನ್ನು ಕಾಶಿಯ ಮಹಾರಾಜರಿಗೆ ಹೇಳಿದ್ದ. ಮಹಾರಾಜರು ನೆನಪಿಟ್ಟು ದುಡ್ಡು ಕಳಿಸಿದರು. 1863ರಲ್ಲಿ ಶುರುವಾಗಿ ಮರುವರ್ಷ ಮುಗಿದ ಬಾವಿ 368 ಅಡಿ ಆಳ, ಪೂರ್ತಿ ಕೈಯಿಂದಲೇ ತೋಡಿದ್ದು. ಮೇಲೆ ಗುಮ್ಮಟ, ಕೆಳಗೆ ಬಂಗಾರದ ಬಣ್ಣದ ಆನೆ. ಇಂಗ್ಲಿಷರ ಹಳ್ಳಿಗೆ ಕಾಶಿಯ ರಾಜ ನೀರು ಕೊಟ್ಟದ್ದನ್ನು ನಮ್ಮ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ, ನೋಡು.

ಕೊರತೆ ಕೇಳಿದರೆ ಒಂದಿದೆ. ಈ ದಂಡೆಯಲ್ಲಿ ನನಗೆ ಜೋಳದ ಹಿಟ್ಟು ಸಿಗುವುದಿಲ್ಲ. ಅದಕ್ಕೆ ಸೇತುವೆ ದಾಟಿ ಆಕ್ಸ್‌ಫರ್ಡ್ ರೋಡಿನ ನಮ್ಮವರ ಅಂಗಡಿಗಳಿಗೇ ಹೋಗಬೇಕು. ಹಳೆಯ ಆಕ್ಸ್‌ಫರ್ಡ್‌ಶೈರ್ ಇದ್ದದ್ದು ಈ ಕಡೆ, ಆಕ್ಸ್‌ಫರ್ಡ್ ರೋಡ್ ಇರುವುದು ಆ ಕಡೆ. ಹೋದ ಶನಿವಾರ ಚೀಲ ಹಿಡಿದು ಹೊರಟಾಗ ಅಜ್ಜಿ ಬೇಲಿಯ ಆಚೆಯಿಂದ ಎಲ್ಲಿಗೆ ಅಂತ ಕೇಳಿದಳು. "ರೆಡಿಂಗಿಗೆ ಹೋಗಿ ಬರ್ತೀನಿ" ಅಂದೆ. ಬಾಯಿಂದ ತಾನಾಗೇ ಬಂತು. ಅಜ್ಜಿ ತಲೆ ಆಡಿಸಿ ಗುಲಾಬಿ ಗಿಡ ಕತ್ತರಿಸುತ್ತಾ ಉಳಿದಳು, ಇದರಲ್ಲಿ ವಿಶೇಷವೇನೂ ಇಲ್ಲ ಅನ್ನುವ ಹಾಗೆ.

ಬೇಸಿಗೆಯಲ್ಲಿ ಬರುತ್ತೇನೆ ಅಂದಿದ್ದೀ, ಬಾ. ರೆಡಿಂಗ್ ಸ್ಟೇಷನ್ನಿನಲ್ಲಿ ಇಳಿದು ಹಿಂಬದಿಯ ಬಾಗಿಲಿನಿಂದ ಹೊರಗೆ ಬಿದ್ದು ಹೊಳೆಯ ಕಡೆ ನಡೆ, ಬಸ್ಸು ಹತ್ತಬೇಡ. ನಾನು ಸೇತುವೆಯ ಈಚೆ ತುದಿಯಲ್ಲಿ ನಿಂತಿರುತ್ತೇನೆ. ಲೈನ್ ಬಜಾರಿನ ಪೇಢೆ ಒಂದು ಕಿಲೋ ಸಾಕು, ಅಜ್ಜಿಗೆ ಬೇರೆ ಪಾವು ಕಟ್ಟಿಸು.

ಮನೆಯಲ್ಲಿ ಎಲ್ಲರಿಗೂ ಕೇಳಿದೆನೆಂದು ಹೇಳು.

ನಿನ್ನ ದೋಸ್ತ